ಸವೆದ ಗೂಡಿಗೆ ಒಂದು ಬಳೆ

ಯಂತ್ರದಲ್ಲಿ ತಿರುಗುವ ಭಾಗಗಳಿಗೆ ಸಿಕ್ಕುವ ಮರ್ಯಾದೆ ತಿರುಗದ ಭಾಗಗಳಿಗೆ ಸಿಕ್ಕುವುದಿಲ್ಲ. ಚಕ್ರವನ್ನು ಹಾಡಿ ಹೊಗಳಿದವರುಂಟು. ಅಚ್ಚನ್ನು ಹೊತ್ತು ಮಿಸುಕದೆ ನಿಂತ ಗೂಡಿನ ವಿಷಯದಲ್ಲಿ ಒಂದು ಒಳ್ಳೆಯ ಮಾತಾಡಿದವರು ಕಡಿಮೆ. ಮೋಟಾರು ಗಾಡಿಯ ಗೇರು ಪೆಟ್ಟಿಗೆಯ ಹೊರಕವಚ ಇಂಥದೊಂದು ಸ್ಥಾವರ. ಅದರೊಳಗೆ ಹಲ್ಲಿನ ಚಕ್ರಗಳು ತಿರುಗುತ್ತವೆ, ದಂಡಗಳು ತಿರುಗುತ್ತವೆ, ಎಣ್ಣೆಯೂ ಸುಳಿಸುತ್ತುತ್ತದೆ. ಅದು ಮಾತ್ರ ನಿಂತಿರುತ್ತದೆ. ನಿಂತಿರುವುದೇ ಅದರ ಕೆಲಸ. ಈ ನಿಂತದ್ದೂ ಸವೆಯುತ್ತದೆ ಎಂಬುದು ಬಹುಮಂದಿಗೆ ಹೊಳೆಯುವುದಿಲ್ಲ. ಹೊಳೆದ ದಿನ ಕೇಳುವ ಮೊದಲ ಸಲಹೆ ‘ಬಿಸಾಡಿ, ಬೇರೆಯದನ್ನು ತನ್ನಿ’ ಎಂಬುದು.

ಸಾಹಿತ್ಯದ ಪುಟದಲ್ಲಿ ಗೇರು ಪೆಟ್ಟಿಗೆಯ ಪುರಾಣ ಯಾತಕ್ಕೆ ಎಂದು ವಾಚಕರು ಕೇಳಬಹುದು. ಸವೆದುದನ್ನು ಏನು ಮಾಡಬೇಕು ಎಂಬ ಪ್ರಶ್ನೆ ಗ್ಯಾರೇಜಿನದು ಮಾತ್ರವಲ್ಲ. ಓಲೆಗರಿ ಓದುವವನದೂ ಹೌದು, ಗುಡಿ ಕಾಯುವವನದೂ ಹೌದು, ಶಾಲೆಯಲ್ಲಿ ಪಾಠ ಹೇಳುವವನದೂ ಹೌದು. ಆದರೆ ಗ್ಯಾರೇಜಿನಲ್ಲಿ ಅದಕ್ಕೆ ಅಳತೆಯುಂಟು. ಅಲ್ಲಿ ತಪ್ಪು ಉತ್ತರ ಕೊಟ್ಟರೆ ಗಾಡಿಯೇ ಕೂಗಿ ಹೇಳುತ್ತದೆ. ಆದುದರಿಂದ ಅಲ್ಲಿಂದ ಪ್ರಾರಂಭಿಸುವುದು ಒಳ್ಳೆಯದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸವೆದ ಕವಚವನ್ನು ಎಸೆಯಬಾರದು, ಬಳೆ ತೊಡಿಸಿ ಸರಿಪಡಿಸಬೇಕು, ಹೀಗೆ ಸರಿಪಡಿಸಿದ ಕವಚವೇ ಮೂಲ ಕವಚ.

ಗೇರು ಪೆಟ್ಟಿಗೆಯ ಚರಿತ್ರೆ ಬಹಳ ಹಳೆಯದೇನಲ್ಲ. ಫ್ರಾನ್ಸಿನ ಪನಾರ್ ಮತ್ತು ಲೆವಾಸೊರ್ ಎಂಬವರು 1891ರಲ್ಲಿ ತಮ್ಮ ಗಾಡಿಗೆ ಜಾರುವ ಹಲ್ಲಿನ ಚಕ್ರಗಳ ಪೆಟ್ಟಿಗೆಯನ್ನು ಅಳವಡಿಸಿದರು. ತಿರುಗುತ್ತಿರುವ ಒಂದು ಚಕ್ರವನ್ನು ಇನ್ನೊಂದರ ಬಾಯಿಗೆ ನೂಕುವ ಈ ಒರಟು ಉಪಾಯಕ್ಕೆ 1928ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರು ಒಂದು ಸಭ್ಯತೆಯನ್ನು ಕಲಿಸಿತು: ಕೂಡಬೇಕಾದ ಎರಡು ಭಾಗಗಳ ವೇಗವನ್ನು ಮೊದಲು ಒಂದೇ ಮಾಡಿ ಆಮೇಲೆ ಕೂಡಿಸುವ ಸಿಂಕ್ರೋಮೆಷ್ ವ್ಯವಸ್ಥೆ. ಹಳೆಯ ಕ್ರೀಡಾ ಕಾರುಗಳಲ್ಲಿ ಹೆಸರಾದ ಇಂಗ್ಲೆಂಡಿನ ಎಂ.ಜಿ.ಬಿ. 1962ರಿಂದ 1980ರವರೆಗೆ ತಯಾರಾಯಿತು; ಅದರ ಮೊದಲನೆಯ ಗೇರಿಗೆ ಈ ಸಭ್ಯತೆ ಬಂದದ್ದು 1967ರಲ್ಲಿ. ಅದಕ್ಕೆ ಹಿಂದಿನ ಗಾಡಿಗಳನ್ನು ಓಡಿಸುವವರು ಇಂದಿಗೂ ಮೊದಲ ಗೇರಿಗೆ ಇಳಿಯುವಾಗ ಕಾಲು, ಕೈ, ಕಿವಿ ಮೂರನ್ನೂ ಹೊಂದಿಸಿಕೊಳ್ಳಬೇಕಾಗುತ್ತದೆ. ಐದು ಲಕ್ಷಕ್ಕೂ ಮೇಲ್ಪಟ್ಟು ಇಂಥ ಕಾರುಗಳನ್ನು ಹೊರತಂದ ಅಬಿಂಗ್ಡನ್ನಿನ ಕಾರ್ಖಾನೆ 1980ರಲ್ಲಿಯೇ ಮುಚ್ಚಿತು.

ಕಾರ್ಖಾನೆ ಮುಚ್ಚಿದರೆ ಏನಾಗುತ್ತದೆ? ತಿರುಗುವ ಭಾಗಗಳಿಗೆ ಅಷ್ಟೇನೂ ಆಗುವುದಿಲ್ಲ. ಬೇರಿಂಗಿಗೆ ಜಗತ್ತಿನಲ್ಲೆಲ್ಲ ಒಂದೇ ಲೆಕ್ಕವುಂಟು. 6206 ಎಂದರೆ ಒಳವ್ಯಾಸ 30 ಮಿಲಿಮೀಟರು, ಹೊರವ್ಯಾಸ 62, ಅಗಲ 16. ಬಾಗಲಕೋಟೆಯ ಅಂಗಡಿಯಲ್ಲಿ ಕೇಳಿದರೂ ಅದೇ, ಆಕ್ಸ್‌ಫರ್ಡಿನಲ್ಲಿ ಕೇಳಿದರೂ ಅದೇ. ಹಲ್ಲಿನ ಚಕ್ರವನ್ನು ಹೊಸದಾಗಿ ಕಡೆಯಿಸಬಹುದು. ಕವಚಕ್ಕೆ ಮಾತ್ರ ಇಂಥ ಸಂಖ್ಯೆಯಿಲ್ಲ. ಅದು ಒಂದು ಅಚ್ಚಿನಲ್ಲಿ ಎರಕಗೊಂಡು, ಒಂದು ಗಾಡಿಯ ಮೈಗೆಂದೇ ಕೊರೆಯಿಸಿಕೊಂಡು ಬಂದದ್ದು. ಅಚ್ಚು ಹೋದಮೇಲೆ ಇದ್ದಷ್ಟೇ ಇದ್ದುದು.

ಕವಚದ ಕರ್ತವ್ಯಗಳು ಎರಡು. ಎಣ್ಣೆಯನ್ನು ಹಿಡಿದಿಡುವುದು ಒಂದು. ಅದನ್ನು ಯಾವ ಡಬ್ಬಿಯಾದರೂ ಮಾಡೀತು. ಎರಡನೆಯದು ಹೆಚ್ಚಿನದು: ದಂಡಗಳನ್ನು ಪರಸ್ಪರ ಸಮಾಂತರವಾಗಿ, ನಿಯತವಾದ ದೂರದಲ್ಲಿ ಹಿಡಿದಿಡುವುದು. ಹಲ್ಲಿನ ಚಕ್ರಗಳು ಬಲವನ್ನು ದಾಟಿಸುವಾಗ ಒಂದನ್ನೊಂದು ದೂರ ತಳ್ಳುತ್ತವೆ. ಕೂಡಿ ಕೆಲಸ ಮಾಡುವವರೆಲ್ಲ ಸ್ವಲ್ಪ ಹಾಗೆಯೇ! ಆ ತಳ್ಳಾಟವನ್ನು ತನ್ನ ಮೈಮೇಲೆ ತೆಗೆದುಕೊಂಡು ದೂರವನ್ನು ಕಾಯುವುದು ಬೇರಿಂಗು ಕುಳಿತ ಗೂಡು. ಗೂಡು ಸಡಿಲವಾದರೆ ದಂಡ ಓರೆಯಾಗುತ್ತದೆ, ಹಲ್ಲು ಹಲ್ಲಿನ ನಡುವೆ ಕೂಡದೆ ಅಂಚಿನಲ್ಲಿ ಕೂಡುತ್ತದೆ, ಗಾಡಿ ಕೂಗುತ್ತದೆ, ಕೊನೆಗೆ ಗೇರು ತಾನಾಗಿ ಜಾರಿ ಹೊರಬೀಳುತ್ತದೆ. ಆಗ ಅಪವಾದ ಬರುವುದು ಹಲ್ಲಿನ ಮೇಲೆ, ಬೇರಿಂಗಿನ ಮೇಲೆ. ಎರಡನ್ನೂ ಬದಲಾಯಿಸುತ್ತಾರೆ. ಕೆಲವು ತಿಂಗಳಲ್ಲಿ ಕೂಗು ಮರಳಿ ಬರುತ್ತದೆ. ತಿರುಗದ ಭಾಗವನ್ನು ಯಾರೂ ಅಳೆದಿರುವುದಿಲ್ಲ.

ಗೂಡು ಸವೆಯುವ ಬಗೆ ಸೂಕ್ಷ್ಮವಾದುದು. ಹಗುರವಾಗಲೆಂದು ಕ್ರೀಡಾ ಕಾರುಗಳ ಕವಚವನ್ನು ಸಾಮಾನ್ಯವಾಗಿ ಅಲ್ಯುಮಿನಿಯಮ್ಮಿನ ಮಿಶ್ರಲೋಹದಲ್ಲಿ ಎರೆಯುತ್ತಿದ್ದರು. ಬೇರಿಂಗು ಉಕ್ಕಿನದು. ಕಾಯ್ದಾಗ ಅಲ್ಯುಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 62 ಮಿಲಿಮೀಟರಿನ ಗೂಡು 60 ಡಿಗ್ರಿಯಷ್ಟು ಕಾಯ್ದರೆ ಸುಮಾರು 0.085 ಮಿಲಿಮೀಟರು ಅಗಲವಾಗುತ್ತದೆ. ಒಳಗಿರುವ ಉಕ್ಕಿನ ಬಳೆ ಸುಮಾರು 0.045 ಮಾತ್ರ. ನಡುವೆ ಉಳಿದದ್ದು 0.04. ಒಂದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಆದರೆ ನಿಲ್ಲಬೇಕಾದ ಹೊರಬಳೆ ತನ್ನ ಗೂಡಿನಲ್ಲಿ ಮೆಲ್ಲಮೆಲ್ಲನೆ ತೆವಳುವುದಕ್ಕೆ ಅಷ್ಟು ಸಾಕು. ತೆವಳಿದಂತೆಲ್ಲ ಮೃದುವಾದ ಲೋಹ ಪುಡಿಯಾಗಿ ಎಣ್ಣೆಗೆ ಇಳಿಯುತ್ತದೆ. ಪುಡಿ ಇಳಿದಂತೆಲ್ಲ ಗೂಡು ಇನ್ನೂ ಅಗಲವಾಗುತ್ತದೆ. ಲೋಹಶಾಸ್ತ್ರದಲ್ಲಿ ಮಾತ್ರವಲ್ಲ, ಲೋಕದಲ್ಲಿಯೂ ಸಡಿಲಿಕೆಯ ಕ್ರಮ ಇದೇ.

ಈ ರೋಗಕ್ಕೆ ಚಿಕಿತ್ಸೆಗಳು ನಾಲ್ಕು. ಮೊದಲನೆಯದು ಪಂಚು ಹೊಡೆಯುವುದು. ಗೂಡಿನ ಒಳಮೈಯಲ್ಲಿ ಸುತ್ತಲೂ ಉಳಿಮೊನೆಯಿಂದ ಚುಕ್ಕೆ ಹೊಡೆದರೆ ಪ್ರತಿಯೊಂದು ಚುಕ್ಕೆಯ ಅಂಚಿನಲ್ಲಿ ಲೋಹ ಉಬ್ಬುತ್ತದೆ; ಉಬ್ಬಿದ ಮೊಳಕೆಗಳ ಮೇಲೆ ಬೇರಿಂಗು ಬಿಗಿಯಾಗಿ ಕೂಡುತ್ತದೆ. ಗಾಡಿ ಅಂಗಳ ದಾಟಿ ಹೋಗುವವರೆಗೆ ಇದು ರಿಪೇರಿ. ಮೊಳಕೆಗಳು ಚಪ್ಪಟೆಯಾದ ಮೇಲೆ ಮೋಸ. ಎರಡನೆಯದು ಅಂಟು. ಗಾಳಿಯಿಲ್ಲದ ಕಡೆ, ಲೋಹದ ಸಂಪರ್ಕದಲ್ಲಿ ತಾನಾಗಿ ಗಟ್ಟಿಯಾಗುವ ಒಂದು ಜಾತಿಯ ಅಂಟನ್ನು ಅಮೆರಿಕದ ರಸಾಯನಶಾಸ್ತ್ರದ ಅಧ್ಯಾಪಕ ವರ್ನನ್ ಕ್ರೀಬಲ್ ಎಂಬವರು 1953ರಲ್ಲಿ ಕಂಡುಹಿಡಿದರು. ಕೂದಲೆಳೆಯಷ್ಟು ಸಡಿಲಿಕೆಗೆ ಇದು ನಿಜವಾದ ಮದ್ದು. ಆದರೆ ಗೂಡು ಒಂದೇ ಪಕ್ಕಕ್ಕೆ ಸವೆದಿದ್ದರೆ ಅಂಟು ಬೇರಿಂಗನ್ನು ತಪ್ಪು ಜಾಗದಲ್ಲಿಯೇ ಭದ್ರಪಡಿಸುತ್ತದೆ. ತಪ್ಪನ್ನು ಗಟ್ಟಿಮಾಡುವುದು ಚಿಕಿತ್ಸೆಯಾಗದು. ಮೂರನೆಯದು ಬೆಸುಗೆ: ಸವೆದಲ್ಲಿ ಲೋಹವನ್ನು ತುಂಬಿ ಮತ್ತೆ ಕೊರೆಯುವುದು. ಕೈ ಪಳಗಿದವನು ಮಾಡಿದರೆ ಚೆನ್ನ. ಇಲ್ಲದಿದ್ದರೆ ಬಿಸಿಗೆ ಕವಚವೇ ಸೊಟ್ಟಗಾಗಿ ಉಳಿದ ಗೂಡುಗಳೂ ಜಾಗ ತಪ್ಪುತ್ತವೆ. ಬೀಡು ಕಬ್ಬಿಣದ ಕವಚವಾದರೆ ಬೆಸುಗೆಯ ಪಕ್ಕದಲ್ಲಿಯೇ ಬಿರಿಯುವ ಭಯ.

ನಾಲ್ಕನೆಯದು ಬಳೆ. ಗ್ಯಾರೇಜಿನಲ್ಲಿ ಸ್ಲೀವು ಎನ್ನುತ್ತಾರೆ, ಬುಷ್ಷು ಎನ್ನುತ್ತಾರೆ. 62 ಮಿಲಿಮೀಟರಿನ ಗೂಡನ್ನು 68ಕ್ಕೆ ಕೊರೆದು, ಗೋಡೆ ಮೂರು ಮಿಲಿಮೀಟರು ದಪ್ಪವಿರುವ ಬಳೆಯೊಂದನ್ನು ಒಳಗೆ ಕೂಡಿಸುವುದು. ಕವಚವನ್ನು ಹದವಾಗಿ ಕಾಯಿಸಬೇಕು, ಬಳೆಯನ್ನು ಮಂಜುಗಡ್ಡೆಯಲ್ಲಿ ತಣಿಸಬೇಕು. ಆಗ ಅದು ಏಟಿಲ್ಲದೆ ಇಳಿಯುತ್ತದೆ, ಕವಚ ತಣಿದಮೇಲೆ ಏನು ಮಾಡಿದರೂ ಬರುವುದಿಲ್ಲ. ಬಿಗಿತದ ಅಳತೆ ಮುಖ್ಯ: ಓಡಾಟದ ಬಿಸಿ ಎಷ್ಟು ಸಡಿಲಿಕೆಯನ್ನು ಕೊಡುವುದೋ ಅದಕ್ಕಿಂತ ಹೆಚ್ಚಿನ ಬಿಗಿತವನ್ನು ಮೊದಲೇ ಇಟ್ಟಿರಬೇಕು. ಕೊನೆಗೆ ಬಳೆಯ ಒಳಮೈಯನ್ನು ಎದುರು ಗೋಡೆಯ ಗೂಡಿನೊಡನೆ ಒಂದೇ ಹಿಡಿತದಲ್ಲಿ 62ಕ್ಕೆ ಕೊರೆಯಬೇಕು. ಕವಚವನ್ನು ಬಿಚ್ಚಿ ಮತ್ತೆ ಹಿಡಿದರೆ ನೇರ ತಪ್ಪಿತು.

ಇಷ್ಟರಲ್ಲಿ ಅತ್ಯಂತ ಕಷ್ಟದ ಕೆಲಸ ಯಾವುದು? ಕೊರೆಯುವುದಲ್ಲ, ಕೇಂದ್ರವನ್ನು ಹುಡುಕುವುದು. ಸವೆದ ಗೂಡು ತನ್ನ ಕೇಂದ್ರದ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಹಲ್ಲುಗಳ ತಳ್ಳಾಟ ವರ್ಷಗಟ್ಟಲೆ ಒಂದೇ ದಿಕ್ಕಿಗೆ ಇದ್ದುದರಿಂದ ಅದು ಅಂಡಾಕಾರವಾಗಿರುತ್ತದೆ. ಅದರ ನಡುವನ್ನೇ ನಂಬಿ ಕೊರೆದವನು ಹೊಸ ಲೋಹದಲ್ಲಿ ಹಳೆಯ ತಪ್ಪನ್ನೇ ಬರೆದಂತಾಯಿತು. ಆದುದರಿಂದ ಬಲ್ಲ ಮೇಸ್ತ್ರಿ ಸವೆಯದ ಸಾಕ್ಷಿಗಳನ್ನು ಹುಡುಕುತ್ತಾನೆ: ಎಂಜಿನ್ನಿಗೆ ಕೂಡುವ ಸಮತಲ, ಜೋಡಣೆಯ ಗೂಟದ ರಂಧ್ರಗಳು, ಎದುರು ಗೋಡೆಯ ಗಟ್ಟಿಯಾಗಿರುವ ಗೂಡು, ಸವೆದ ಗೂಡಿನಲ್ಲಿಯೇ ಬೇರಿಂಗು ಮುಟ್ಟದೆ ಉಳಿದ ಒಂದೆಳೆ ಅಂಚು. ಇವುಗಳಿಂದ ಅಳೆದು, ಎಂದೋ ಯಾರೋ ಇಟ್ಟ ಬಿಂದುವನ್ನು ಮರಳಿ ಇಡುತ್ತಾನೆ.

ಇದನ್ನು ಓದುವ ಅಧ್ಯಾಪಕರಿಗೆ ಈ ಕೆಲಸ ಪರಿಚಿತವೆನಿಸಬೇಕು. ಗ್ರಂಥಸಂಪಾದನೆಯೆಂದರೆ ಇದಲ್ಲದೆ ಮತ್ತೇನು? ಬೀಳಗಿಯ ನೆರೆಯ ಮುಧೋಳ ರನ್ನನ ಊರು. ಬಳೆಗಾರರ ಕುಲದಲ್ಲಿ ಹುಟ್ಟಿ ಕವಿಚಕ್ರವರ್ತಿಯಾದವನು ಆತ. ಅವನ ಅಜಿತಪುರಾಣವೂ ಗದಾಯುದ್ಧವೂ ಸಾವಿರ ವರ್ಷ ದಾಟಿ ನಮ್ಮ ಕೈಗೆ ಬಂದದ್ದು ಸವೆದ ಪ್ರತಿಗಳ ಮೂಲಕ. ಪ್ರತಿಕಾರರ ಕೈಯಲ್ಲಿ ಒಂದೇ ದಿಕ್ಕಿಗೆ ಸವೆದ ಪಾಠವನ್ನು ಸಂಪಾದಕನು ಅದರಿಂದಲೇ ತಿದ್ದಲಾರ. ಛಂದಸ್ಸು, ಪ್ರಾಸ, ವ್ಯಾಕರಣ, ಬೇರೆ ಪ್ರತಿ ಎಂಬ ಸವೆಯದ ಸಾಕ್ಷಿಗಳನ್ನು ಹಿಡಿದು ಅಳೆಯುತ್ತಾನೆ. ತುಂಬಿದ ಅಕ್ಷರವನ್ನು ಕಂಸದಲ್ಲಿಟ್ಟು, ಇದು ನಾನು ತೊಡಿಸಿದ ಬಳೆ ಎಂದು ಓದುಗನಿಗೆ ತಿಳಿಸುತ್ತಾನೆ. ಹಾಗೆ ಸರಿಪಡಿಸಿದ ಗದಾಯುದ್ಧವನ್ನು ರನ್ನನದಲ್ಲವೆಂದು ಯಾರಾದರೂ ಹೇಳುವರೆ? ಅದೇ ರನ್ನನ ಪರಶುರಾಮಚರಿತವೂ ಚಕ್ರೇಶ್ವರಚರಿತವೂ ನಮಗೆ ಉಳಿದಿಲ್ಲ. ಸವೆದುದಕ್ಕೂ ಇಲ್ಲದ್ದಕ್ಕೂ ಇರುವ ಅಂತರ ಅಲ್ಲಿ ತಿಳಿಯುತ್ತದೆ.

‘ಮೂಲ’ ಎಂಬ ಮಾತು ಈಗ ಕಾನೂನಿಗೂ ಬಂದಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಐವತ್ತು ವರ್ಷ ಮೀರಿದ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ವರ್ಗವನ್ನು ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕವೆಂದು ವಿಧಿಸಿತು, ಫಲಕದಲ್ಲಿ ‘ವಿ.ಎ.’ ಎಂಬ ಗುರುತನ್ನು ಇಟ್ಟಿತು. ವಾಹನ ಮೂಲರೂಪದಲ್ಲಿ ಉಳಿದಿರಬೇಕು, ಅದರ ಚೌಕಟ್ಟು, ಮೈ, ಎಂಜಿನ್ನುಗಳಲ್ಲಿ ಮಾರ್ಪಾಟು ಮಾಡುವಂಥ ಗಣನೀಯ ಪುನರ್ನಿರ್ಮಾಣ ಆಗಿರಕೂಡದು ಎಂಬುದು ನಿಬಂಧನೆ. ಉದ್ದೇಶ ಒಳ್ಳೆಯದು. ಆದರೆ ಈ ಮಾತನ್ನು ಹಿಡಿದು ಹಳೆಯ ಕಾರಿನ ಅಭಿಮಾನಿಗಳಲ್ಲಿ ಕೆಲವರು ಒಂದು ವಿಚಿತ್ರವಾದ ಮಡಿಯನ್ನು ಆಚರಿಸುತ್ತಾರೆ. ಬಳೆ ತೊಟ್ಟ ಕವಚ ಮೈಲಿಗೆ. ಎಲ್ಲಿಂದಲೋ ತಂದ ಬೇರೊಂದು ಗಾಡಿಯ ಕವಚ, ಸವೆಯದೆ ಉಳಿದಿದ್ದರೆ, ಅದು ಶುದ್ಧ!

ಈ ವಾದವನ್ನು ನಾನು ಒಪ್ಪಲಾರೆ. ಸವೆದ ಕವಚ ಆ ಗಾಡಿಯೊಡನೆ ಹುಟ್ಟಿದ್ದು, ಅದರೊಡನೆ ಓಡಿದ್ದು. ಅದರಿಂದ ತೆಗೆದದ್ದು ಮೂರು ಮಿಲಿಮೀಟರಿನ ಒಂದು ಸುತ್ತು. ಉಳಿದದ್ದು ಇಡೀ ಕವಚ. ಬೇರೆ ಕವಚವನ್ನು ತಂದವನು ಮೂರು ಮಿಲಿಮೀಟರನ್ನು ಉಳಿಸುವುದಕ್ಕಾಗಿ ಇಡೀ ಕವಚವನ್ನು ಕಳೆದುಕೊಂಡ. ಮೂಲವೆಂದರೆ ಗಾಯವಿಲ್ಲದ್ದು ಎಂದರ್ಥವಲ್ಲ. ತನ್ನದೇ ಮೈಯಲ್ಲಿ ತನ್ನ ಕೆಲಸವನ್ನು ಮಾಡುತ್ತಿರುವುದು ಎಂದರ್ಥ. ನಮ್ಮ ಜಿಲ್ಲೆಯ ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ಬಿದ್ದ ಕಲ್ಲಿನ ಜಾಗದಲ್ಲಿ ಕೆತ್ತನೆಯಿಲ್ಲದ ಸಾದಾ ಕಲ್ಲನ್ನು ಕೂಡಿಸಿರುವ ಕಡೆಗಳನ್ನು ಗುಡಿಗಳಲ್ಲಿ ಕಾಣಬಹುದು. ಅದು ಭಾರವನ್ನು ಹೊರುತ್ತದೆ, ಹಳೆಯದೆಂದು ಸೋಗು ಹಾಕುವುದಿಲ್ಲ. ಪುರಾತತ್ವ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಪ್ರಕಟಿಸಿದ ಸಂರಕ್ಷಣಾ ಕೈಪಿಡಿಯ ತಾತ್ಪರ್ಯವೂ ಹೊಸದಾಗಿಸುವುದಕ್ಕಿಂತ ಉಳಿಸುವುದು ಮೇಲು ಎಂಬುದೇ. 1987ರಲ್ಲಿ ಪಟ್ಟದಕಲ್ಲು ವಿಶ್ವಪರಂಪರೆಯ ಪಟ್ಟಿಗೆ ಸೇರುವಾಗ ಈ ಸಾದಾ ಕಲ್ಲುಗಳು ಅದರ ಮೂಲತ್ವಕ್ಕೆ ಅಡ್ಡಿಬರಲಿಲ್ಲ.

ಪ್ರತಿಪಕ್ಷದವರ ಮಾತಿನಲ್ಲಿ ಸತ್ಯವಿಲ್ಲವೆನ್ನಲಾಗದು. ಬೇರಿಂಗಿನ ಗೋಡೆಯ ಉದ್ದಕ್ಕೂ ಬಿರುಕು ಹರಿದ ಕವಚಕ್ಕೆ ಬಳೆ ತೊಡಿಸುವುದು ಅಪಾಯ. ಗೂಡಿನ ಸುತ್ತ ಲೋಹ ತೆಳುವಾಗಿದ್ದರೆ ಬಳೆಯ ಬಿಗಿತವೇ ಅದನ್ನು ಸೀಳೀತು. ಅಳೆದು ನೋಡಿ ‘ಇದು ಆಗದು’ ಎನ್ನುವುದೂ ರಿಪೇರಿಯ ವಿದ್ಯೆಯ ಒಂದು ಭಾಗವೇ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು: ಕ್ರೀಡಾ ಕಾರು ಉಳ್ಳವರ ವಿನೋದ, ಅದರ ಗೂಡು ಸವೆದರೆ ನಾಡಿಗೇನು ನಷ್ಟ?

ಈ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಿ ಸಿಕ್ಕುವುದಿಲ್ಲ, ಬೀಳಗಿಯಲ್ಲಿ ಸಿಕ್ಕುತ್ತದೆ. ಬಡಗಲಲ್ಲಿ ಕೃಷ್ಣೆ, ತೆಂಕಲಲ್ಲಿ ಘಟಪ್ರಭೆ, ನಡುವೆ ಕಬ್ಬು. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರುಗಳನ್ನು ಕಟ್ಟಿಕೊಂಡು ಏರು ಹತ್ತುವ ಟ್ರ್ಯಾಕ್ಟರಿನ ಗೇರು ಪೆಟ್ಟಿಗೆಗೂ ಆ ಕ್ರೀಡಾ ಕಾರಿನದಕ್ಕೂ ರೋಗ ಒಂದೇ. ಒಂದು ಭೇದವುಂಟು. 1917ರಲ್ಲಿ ಫೋರ್ಡನ ಕಾರ್ಖಾನೆ ಫೋರ್ಡ್‌ಸನ್ ಎಂಬ ಟ್ರ್ಯಾಕ್ಟರನ್ನು ಹೊರತಂದಂದಿನಿಂದ ಟ್ರ್ಯಾಕ್ಟರಿಗೆ ಬೇರೆ ಚೌಕಟ್ಟನ್ನು ಇಡದಿರುವುದೇ ಬಹುಮಟ್ಟಿಗೆ ರೂಢಿಯಾಯಿತು. ಎಂಜಿನ್ನು, ಗೇರು ಪೆಟ್ಟಿಗೆ, ಹಿಂದಿನ ಅಚ್ಚು ಒಂದಕ್ಕೊಂದು ಬೆಸೆದು ತಾವೇ ಬೆನ್ನೆಲುಬಾಗುತ್ತವೆ. ಅಲ್ಲಿ ಕವಚ ಹೋಯಿತೆಂದರೆ ಗಾಡಿಯ ಬೆನ್ನೇ ಹೋಯಿತು. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಹೊಸ ಕವಚ ಬರುವವರೆಗೆ ಕೈಕಟ್ಟಿ ಕೂಡುವ ಅನುಕೂಲ ರೈತನಿಗಿಲ್ಲ. ಆದುದರಿಂದ ನಮ್ಮ ತಾಲೂಕಿನ ಊರುಗಳಲ್ಲಿ ಲೇಥು ಇಟ್ಟುಕೊಂಡವರಿಗೆ ಬುಷ್ಷು ಹಾಕುವುದು ವಿನೋದವಲ್ಲ, ನಿತ್ಯದ ಅನ್ನ. ರಬಕವಿ-ಬನಹಟ್ಟಿಯ ಮಗ್ಗಗಳ ಸವೆದ ಕೀಲುಗಳಿಗೂ ಇಂಥವರ ಕೈಯೇ ಗತಿ.

ಈ ವಿದ್ಯೆ ನಮಗೆ ಮೋಟಾರಿನೊಡನೆ ಬಂದದ್ದೂ ಅಲ್ಲ. ಎತ್ತಿನ ಬಂಡಿಯ ಗುಂಬದೊಳಗೆ ಕಬ್ಬಿಣದ ಬಳೆಯುಂಟು. ಮರ ಸವೆಯಬಾರದು, ಸವೆದರೆ ಬಳೆ ಸವೆಯಲಿ, ಬಳೆ ಸವೆದರೆ ಬಳೆಯನ್ನು ಬದಲಿಸೋಣ ಎಂಬ ವಿವೇಕ ಬಡಿಗನಿಗೂ ಕಮ್ಮಾರನಿಗೂ ಇತ್ತು. ಕೀಲೆಣ್ಣೆ ಹಾಕಿದ ಬಂಡಿಯ ಗುಂಬದಲ್ಲಿದ್ದ ತತ್ವವೇ ಗೇರು ಎಣ್ಣೆಯಲ್ಲಿ ಮುಳುಗಿದ ಕವಚದಲ್ಲಿರುವುದು. ಮೊದಲನೆಯದಕ್ಕೆ ನಮ್ಮಲ್ಲಿ ಮಾತಿದೆ; ಎರಡನೆಯದಕ್ಕೆ ನಾವು ಮಾತನ್ನು ಕೊಡಲಿಲ್ಲ. ನಿಜವಾದ ನಷ್ಟ ಇಲ್ಲಿದೆ. ಬುಷ್ಷು ಹಾಕುವ ಕೈಗಳು ನಮ್ಮಲ್ಲಿವೆ. ಸವೆದ ಗೂಡಿನ ಕೇಂದ್ರವನ್ನು ಹೇಗೆ ಹುಡುಕಬೇಕೆಂದು ತಿಳಿಸುವ ಕನ್ನಡದ ಪುಸ್ತಕ ವಿದ್ಯಾರ್ಥಿಯ ಕೈಗೆ ಸುಲಭವಾಗಿ ಸಿಕ್ಕುವುದಿಲ್ಲ. ಆ ಕೈಗಳ ತಿಳಿವಳಿಕೆ ಬರಹಕ್ಕೆ ಇಳಿಯದೆ ಅವರ ಕೈಯಲ್ಲಿಯೇ ಮುಗಿಯುತ್ತಿದೆ. ಹೊಸ ಯಂತ್ರಗಳ ಕಂಪನಿಗಳು ಇಡಿಯ ಜೋಡಣೆಯನ್ನೇ ಬದಲಿಸಲು ಕಲಿಸುತ್ತವೆ, ಅಳೆಯಲು ಕಲಿಸುವುದಿಲ್ಲ. ಒಂದು ತಲೆಮಾರು ಅಳೆಯುವುದನ್ನು ಮರೆತರೆ ಆಮೇಲಿನ ತಲೆಮಾರಿಗೆ ಕೊಳ್ಳುವುದೊಂದೇ ವಿದ್ಯೆಯಾಗುತ್ತದೆ.

ಹೀಗಿರುವಲ್ಲಿ ನನ್ನ ಸೂಚನೆಗಳು ಮೂರು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿಯೂ ಪಾಲಿಟೆಕ್ನಿಕ್ಕುಗಳಲ್ಲಿಯೂ ಪ್ರತಿಯೊಬ್ಬ ವಿದ್ಯಾರ್ಥಿ ಸವೆದ ಒಂದು ಗೂಡನ್ನು ತಾನೇ ಅಳೆದು, ಕೇಂದ್ರವನ್ನು ಗೊತ್ತುಮಾಡಿ, ಬಳೆ ತೊಡಿಸಿ ತೋರಿಸಬೇಕು. ಹೊಸದನ್ನು ಜೋಡಿಸಿದವನಿಗಿಂತ ಹಳೆಯದನ್ನು ಉಳಿಸಿದವನಿಗೆ ಹೆಚ್ಚು ಅಂಕ ಸಿಕ್ಕಬೇಕು. ಎರಡನೆಯದು ಕನ್ನಡದ ಅಧ್ಯಾಪಕರಿಗೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಹೊರಬಂದು ನಮ್ಮ ಹಳೆಯ ಮಾತುಗಳನ್ನು ಭದ್ರಪಡಿಸಿತು. ಲೇಥಿನ ಪಕ್ಕದಲ್ಲಿ ಇಂದು ಆಡುವ ಮಾತುಗಳನ್ನು ಬರೆದುಕೊಳ್ಳುವವರಾರು? ಬೀಳಗಿ, ಜಮಖಂಡಿಗಳ ಒಂದು ಕಾಲೇಜಿನ ವಿದ್ಯಾರ್ಥಿಗಳು ಒಂದು ಬೇಸಗೆಯಲ್ಲಿ ಇದನ್ನು ಮಾಡಬಲ್ಲರು. ಮೂರನೆಯದು ರಿಪೇರಿ ಮಾಡುವವರಿಗೆ: ಬಳೆಯ ಅಂಚಿನಲ್ಲಿ ಇಸವಿಯನ್ನೂ ಅಳತೆಯನ್ನೂ ಕೊರೆದಿಡಿ. ಸಂಪಾದಕನ ಕಂಸದಂತೆ ಅದು ಮುಂದೆ ಬಿಚ್ಚುವವನಿಗೆ ನಿಜವನ್ನು ಹೇಳಲಿ.

ಮರಳಿ ಪಡೆಯಲಾಗದ್ದು ಯಾವುದೆಂದು ಈ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಬಾಗಲಕೋಟೆಯ ಹಳೆಯ ಓಣಿಗಳೂ ಬೀಳಗಿ ತಾಲೂಕಿನ ಹಳ್ಳಿಗಳೂ ಮುಳುಗಿದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅದು ನಾಡಿನ ದೊಡ್ಡ ಲೆಕ್ಕದಲ್ಲಿ ತೆತ್ತ ಬೆಲೆ. ಅದಕ್ಕೆ ಬಳೆ ತೊಡಿಸಲು ಬರುವುದಿಲ್ಲ. ಆದರೆ ಮೂರು ಮಿಲಿಮೀಟರಿನ ಲೋಹ, ಒಂದಿಷ್ಟು ಮಂಜುಗಡ್ಡೆ, ಅಳೆಯಬಲ್ಲ ಒಂದು ಕೈ ಇವುಗಳಿಂದ ಉಳಿಯುವುದನ್ನೂ ನಾವು ಗುಜರಿಗೆ ಹಾಕಿದರೆ ಆ ನಷ್ಟಕ್ಕೆ ಯಾವ ಅಣೆಕಟ್ಟೂ ಕಾರಣವಲ್ಲ. ಅದು ನಮ್ಮ ಸೋಮಾರಿತನದ ಲೆಕ್ಕಕ್ಕೇ ಸೇರತಕ್ಕದ್ದು.